ಒಂದೇ ಥ್ರಿಲ್ಲರ್, ಹಲವು ಷರಾ: ಓದುಗರ ಅಭಿಪ್ರಾಯ ಇಷ್ಟೊಂದು ಬೇರೆಯಾಗುವುದೇಕೆ?

ಈ ಮಳೆಗಾಲದ ಆರಂಭದಲ್ಲಿ ಶಿವಮೊಗ್ಗದ ಗ್ರಂಥಾಲಯವೊಂದರಿಂದ ನಾನು ತಂದ ಥ್ರಿಲ್ಲರ್ ಕಾದಂಬರಿಯ ಕೊನೆಯ ಪುಟದಲ್ಲಿ, ಮುದ್ರಿತ ಸಾಲುಗಳು ಮುಗಿದ ಮೇಲೆ ಉಳಿದ ಖಾಲಿ ಜಾಗದಲ್ಲಿ, ನನಗಿಂತ ಮೊದಲು ಓದಿದವರು ತಮ್ಮ ತಮ್ಮ ಷರಾ ಬರೆದಿಟ್ಟಿದ್ದರು. "ರಾತ್ರಿ ಎರಡಕ್ಕೆ ಮುಗಿಸಿದೆ, ಆಮೇಲೆ ನಿದ್ದೆ ಇಲ್ಲ" ಎಂದು ಒಬ್ಬರು ಬರೆದಿದ್ದರೆ, ಅದರ ಕೆಳಗೆ ಇನ್ನೊಬ್ಬರು "ಶುದ್ಧ ಮೋಸ" ಎಂದು ಬರೆದು ಎರಡು ಗೆರೆ ಎಳೆದಿದ್ದರು. ಮೂರನೆಯವರದು "ಮೂವತ್ತನೇ ಪುಟದಲ್ಲೇ ಗೊತ್ತಾಯಿತು" ಎಂಬ ಮಾತು. ಒಳಗಿನ ಪುಟವೊಂದರ ಅಂಚಿನಲ್ಲಿ ಬಹಳ ಅಂದವಾದ ಕೈಬರಹದಲ್ಲಿ "ಆಷಾಢದಲ್ಲಿ ಅಂಗಳದಲ್ಲಿ ಅಡಿಕೆ ಹರವುವವರು ಯಾರು?" ಎಂಬ ಪ್ರಶ್ನೆಯಿತ್ತು. ಇವೆಲ್ಲಕ್ಕಿಂತ ಕಣ್ಣಿಗೆ ಚುಚ್ಚಿದ್ದು 112ನೇ ಪುಟ. ಅಲ್ಲಿ ಕಾಂಪೌಂಡರ್ ಪಾತ್ರದ ಹೆಸರಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ "ಕೊಲೆಗಾರ ಇವನೇ" ಎಂದು ಬರೆದಿತ್ತು. ಅದರ ಕೆಳಗೆ ನೀಲಿ ಬಾಲ್‌ಪೆನ್ನಿನಲ್ಲಿ ಮತ್ತೊಬ್ಬರ ಸಂಕಟ: "ಓದುವವರಿಗೆ ಬಿಡಿ ಸ್ವಾಮಿ."

ನಾವು ಏಳೆಂಟು ಜನ ತಿಂಗಳಿಗೊಂದು ಪುಸ್ತಕ ಓದಿ ಮಾತಾಡುತ್ತೇವೆ. ಈ ಸಲದ ಪುಸ್ತಕ ಇದೇ ಆಗಿತ್ತು, ಮತ್ತು ನಮ್ಮ ನಡುವೆಯೂ ಆ ಷರಾಗಳಷ್ಟೇ ದೂರ ದೂರದ ಅಭಿಪ್ರಾಯಗಳು ಬಂದವು. ಹೊಸದಾಗಿ ಬಂದಿದ್ದ, ಇಂಥ ಕಾದಂಬರಿಯನ್ನು ಹಿಂದೆಂದೂ ಓದಿರದ ಅಕ್ಕ ಒಬ್ಬರು ಎಲ್ಲವನ್ನೂ ಕೇಳಿಸಿಕೊಂಡು, "ಒಬ್ಬೊಬ್ರು ಒಂದೊಂದು ಹೇಳ್ತೀರಲ್ಲ, ಪುಸ್ತಕ ಚೆನ್ನಾಗಿದ್ಯೋ ಇಲ್ವೋ?" ಎಂದು ಕೇಳಿದರು. ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸುವುದಕ್ಕಿಂತ, ಉತ್ತರಗಳು ಇಷ್ಟು ಬೇರೆಯಾಗುವುದು ಯಾವ ಕಾರಣಕ್ಕೆ ಎಂಬುದನ್ನು ಬಿಡಿಸಿ ಹೇಳುವುದು ಹೆಚ್ಚು ಉಪಯುಕ್ತ ಎಂದು ನನಗೆ ತೋರಿತು. ಕಾದಂಬರಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ; ಮುಂದೆ ಓದುವವರ ಸುಖಕ್ಕೆ ಅಡ್ಡಿಯಾಗಬಾರದು.

ಸೌದೆ ರಾಶಿಯ ಹಾವು: ಮೂರು ಪದಗಳ ಅರ್ಥ

ಪತ್ತೇದಾರಿ, ಥ್ರಿಲ್ಲರ್, ಸಸ್ಪೆನ್ಸ್ ಎಂಬ ಮೂರು ಪದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಅವುಗಳ ವ್ಯತ್ಯಾಸವನ್ನು ತಿಳಿಯಲು ಮಲೆನಾಡಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮುಸ್ಸಂಜೆಯ ಹೊತ್ತು, ಹೊರಗೆ ಜಿಟಿಜಿಟಿ ಮಳೆ, ಬಚ್ಚಲ ಒಲೆಗೆ ಸೌದೆ ತರಲು ಹುಡುಗಿಯೊಬ್ಬಳು ಕೊಟ್ಟಿಗೆಯ ಕಡೆಗೆ ಹೋಗುತ್ತಾಳೆ.

ಅವಳು ಒಂದು ಕೊರಡನ್ನು ಎಳೆದ ಕೂಡಲೇ ನಾಗರಹಾವು ಹೆಡೆ ಎತ್ತಿತು ಎಂದು ಬರೆದರೆ ಓದುಗ ಬೆಚ್ಚುತ್ತಾನೆ. ಅದು ಆಘಾತ, ಬಂದಷ್ಟೇ ಬೇಗ ಹೋಗುತ್ತದೆ. ಇದರ ಬದಲು, ಎರಡು ಪುಟದ ಹಿಂದೆಯೇ ಹಾವು ಸೌದೆ ರಾಶಿಯೊಳಗೆ ಸರಿದುಹೋದದ್ದನ್ನು ಓದುಗನಿಗೆ ತೋರಿಸಲಾಗಿದೆ, ಹುಡುಗಿಗೆ ಗೊತ್ತಿಲ್ಲ ಎಂದಿಟ್ಟುಕೊಳ್ಳಿ. ಅವಳು ಕೊಟ್ಟಿಗೆಯ ಬಾಗಿಲಿಗೆ ಬರುತ್ತಾಳೆ, ಅಷ್ಟರಲ್ಲಿ ಅಮ್ಮ ಕರೆಯುತ್ತಾಳೆ, ಹಿಂದಿರುಗಿ ಕಾಫಿ ಕುಡಿಯುತ್ತಾಳೆ, ಬಿಚ್ಚಿದ ಜಡೆಯನ್ನು ಕಟ್ಟಿಕೊಳ್ಳುತ್ತಾಳೆ, ಮತ್ತೆ ಕೊಟ್ಟಿಗೆಯ ಕಡೆಗೆ ಹೊರಡುತ್ತಾಳೆ. ಈಗ ಕಾಫಿ ಕುಡಿಯುವ ಸಾಮಾನ್ಯ ದೃಶ್ಯವೂ ಓದುಗನ ಉಸಿರನ್ನು ಬಿಗಿಹಿಡಿಯುತ್ತದೆ. ಈ ಕಾತರವೇ ಸಸ್ಪೆನ್ಸ್. ಇನ್ನು, ರಾಶಿಯಲ್ಲಿ ಹಾವಿನ ಪೊರೆ ಮಾತ್ರ ಸಿಕ್ಕಿತು ಎಂದರೆ, ಅದು ಯಾವಾಗ ಬಂತು, ಎಲ್ಲಿಗೆ ಹೋಯಿತು ಎಂದು ಹಿಂದಕ್ಕೆ ಹುಡುಕುತ್ತಾ ಹೋಗುವುದು ಪತ್ತೇದಾರಿ. ಅಲ್ಲಿ ನಡೆದುಹೋದದ್ದರ ಬಗ್ಗೆ ಕುತೂಹಲವಿದ್ದರೆ, ಥ್ರಿಲ್ಲರಿನಲ್ಲಿ ನಡೆಯಬಹುದಾದದ್ದರ ಬಗ್ಗೆ ಭಯವಿರುತ್ತದೆ.

ಚಿತ್ರ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೊ ಜೊತೆ ನಡೆಸಿದ ಸಂಭಾಷಣೆಯಲ್ಲಿ ಇದೇ ವ್ಯತ್ಯಾಸವನ್ನು ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ವಿವರಿಸಿದ್ದರು. ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ಪ್ರೇಕ್ಷಕರಿಗೆ ಸಿಗುವುದು 15 ಸೆಕೆಂಡುಗಳ ಆಘಾತ, ಅದು ಇದೆಯೆಂದು ಮೊದಲೇ ತಿಳಿಸಿದರೆ ಸಿಗುವುದು 15 ನಿಮಿಷಗಳ ಕಾತರ ಎಂಬುದು ಅವರ ಲೆಕ್ಕ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ, ಮತ್ತು ಮುಂದಿನ ಎಲ್ಲವೂ ಅದರ ಮೇಲೆ ನಿಂತಿದೆ. ಹಾವೂ ಅದೇ, ಹುಡುಗಿಯೂ ಅವಳೇ. ಬದಲಾದದ್ದು ಓದುಗನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದು ಮಾತ್ರ. ಅಂದರೆ ಸಸ್ಪೆನ್ಸ್ ಎಂಬುದು ಪುಟದ ಮೇಲೆ ಅಚ್ಚಾಗಿರುವ ವಸ್ತುವಲ್ಲ, ಓದುಗನ ತಿಳಿವಳಿಕೆಯ ಅಂತರದಲ್ಲಿ ಹುಟ್ಟುವ ಸ್ಥಿತಿ. ಓದಲು ಕೂರುವ ಮೊದಲೇ ಒಬ್ಬೊಬ್ಬರ ತಿಳಿವಳಿಕೆ ಒಂದೊಂದು ರೀತಿ ಇರುವಾಗ ಆ ಅಂತರವೂ ಎಲ್ಲರಿಗೆ ಒಂದೇ ಅಳತೆಯದಾಗಿರಲು ಸಾಧ್ಯವಿಲ್ಲ.

ಘಾಟಿಯ ತಿರುವುಗಳನ್ನು ಬಲ್ಲವರು

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಮಂಜು ಮುಸುಕಿದ ಬೆಳಿಗ್ಗೆ ಮೊದಲ ಬಾರಿಗೆ ಇಳಿಯುವ ಪ್ರಯಾಣಿಕ ಮುಂದಿನ ಸೀಟಿನ ಸರಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತಾನೆ. ದಿನವೂ ಬಸ್ಸು ಓಡಿಸುವ ಚಾಲಕನಿಗೆ ಎಷ್ಟನೇ ತಿರುವಿನಲ್ಲಿ ಎದುರಿನ ವಾಹನಕ್ಕೆ ಜಾಗ ಬಿಡಬೇಕೆಂಬುದು ಮಂಜಿನಲ್ಲೂ ಗೊತ್ತಿರುತ್ತದೆ. ರಸ್ತೆ ಒಂದೇ ಆದರೂ ಇಬ್ಬರ ಪ್ರಯಾಣ ಒಂದೇ ಅಲ್ಲ.

"ಮೂವತ್ತನೇ ಪುಟದಲ್ಲೇ ಗೊತ್ತಾಯಿತು" ಎಂದು ಬರೆದವರು ಬಹುಶಃ ಆ ಚಾಲಕನಂಥವರು. ಕನ್ನಡದಲ್ಲಿ ಇಂಥ ಓದುಗರ ದೊಡ್ಡ ಪೀಳಿಗೆಯೇ ಇದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು ದಿನಕ್ಕೊಂದರಂತೆ ಮುಗಿಸುತ್ತಿದ್ದವರು ನಮ್ಮ ಗುಂಪಿನಲ್ಲೇ ಇಬ್ಬರಿದ್ದಾರೆ. ಹೆಚ್ಚು ಶಾಲಾ ಶಿಕ್ಷಣ ಸಿಗದಿದ್ದರೂ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಅಸಂಖ್ಯ ಜನರಿಗೆ ಪುಸ್ತಕ ಹಿಡಿಯುವ ಅಭ್ಯಾಸ ಹತ್ತಿಸಿದ ನರಸಿಂಹಯ್ಯನವರ ಬಗ್ಗೆ ಅವರು ಇಂದಿಗೂ ಕೃತಜ್ಞತೆಯಿಂದ ಮಾತಾಡುತ್ತಾರೆ.

ಇಷ್ಟು ಓದಿದವರಿಗೆ ಕಥೆ ಕಟ್ಟುವ ರೂಢಿಗಳು ಕಂಠಪಾಠವಾಗಿರುತ್ತವೆ. ಕಥೆಗೆ ಏನೂ ಕೆಲಸವಿಲ್ಲದೆ ಪದೇ ಪದೇ ಬಂದು ಹೋಗುವ ಸಜ್ಜನನೊಬ್ಬ, ಮೊದಲ ಅಧ್ಯಾಯದಲ್ಲೇ ಎಲ್ಲರ ಅನುಮಾನಕ್ಕೆ ಗುರಿಯಾಗುವ ಮುಂಗೋಪಿಯೊಬ್ಬ ಕಂಡ ಕೂಡಲೇ, ಎರಡನೆಯವನನ್ನು ಬಿಟ್ಟು ಮೊದಲನೆಯವನನ್ನು ಅವರು ಹಿಡಿದುಬಿಡುತ್ತಾರೆ. ಓದುಗನನ್ನು ತಪ್ಪು ದಾರಿಗೆ ಎಳೆಯಲು ಲೇಖಕ ಇಡುವ ಹುಸಿ ಸುಳಿವು ಅವರ ಮಟ್ಟಿಗೆ ಸುಳಿವಿನ ಕೆಲಸವನ್ನೇ ಮಾಡುತ್ತದೆ. ಇದರಿಂದ ಅವರಿಗೆ ಒಂದು ಸುಖ ತಪ್ಪಿಹೋದರೂ ಇನ್ನೊಂದು ಸಿಗುತ್ತದೆ: ಲೇಖಕ ಎಲ್ಲೆಲ್ಲಿ ಏನನ್ನು ಮುಚ್ಚಿಟ್ಟಿದ್ದಾನೆ ಎಂಬ ಕೈಚಳಕವನ್ನು ಅವರು ನೋಡಬಲ್ಲರು. ಆದ್ದರಿಂದ "ಮೊದಲೇ ಗೊತ್ತಾಯಿತು" ಎಂಬ ಮಾತು ಪುಸ್ತಕದ ಬಗ್ಗೆ ಹೇಳುವಷ್ಟನ್ನೇ ಹೇಳಿದವರ ಓದಿನ ಬಗ್ಗೆಯೂ ಹೇಳುತ್ತದೆ.

"ಮೋಸ" ಎಂಬ ದೂರು

ಶುದ್ಧ ಮೋಸ ಎಂದವರ ಸಿಟ್ಟಿಗೆ ಹಳೆಯ ಇತಿಹಾಸವಿದೆ. 1926ರಲ್ಲಿ ಅಗಾಥಾ ಕ್ರಿಸ್ಟಿಯವರ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಪ್ರಕಟವಾದಾಗ ಓದುಗರು ಎರಡು ಪಾಳಯವಾದರು. ಅದರ ಕೊನೆಯನ್ನು ಇಲ್ಲಿ ಹೇಳುವುದಿಲ್ಲ. ಲೇಖಕಿ ಓದುಗರೊಂದಿಗಿನ ಅಲಿಖಿತ ಒಪ್ಪಂದವನ್ನು ಮುರಿದರು ಎಂಬುದು ಒಂದು ಪಾಳಯದ ಆಕ್ಷೇಪ. ಎಲ್ಲರನ್ನೂ ಅನುಮಾನಿಸುವುದು ಓದುಗನ ಕೆಲಸ, ಅದನ್ನು ಮಾಡದೆ ಲೇಖಕಿಯನ್ನು ದೂರಬಾರದು ಎಂಬುದು ಇನ್ನೊಂದರ ಸಮರ್ಥನೆ. ಸ್ವತಃ ಪತ್ತೇದಾರಿ ಲೇಖಕಿಯಾಗಿದ್ದ ಡೊರೊಥಿ ಸೇಯರ್ಸ್ ಈ ಎರಡನೆಯ ಪಕ್ಷದಲ್ಲಿದ್ದರು.

ಆ ಅಲಿಖಿತ ಒಪ್ಪಂದವನ್ನು ಲಿಖಿತಗೊಳಿಸುವ ಪ್ರಯತ್ನವೂ ಅದೇ ಕಾಲದಲ್ಲಿ ನಡೆಯಿತು. 1929ರಲ್ಲಿ ಪಾದ್ರಿಯೂ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ನಿಯಮಗಳನ್ನು ಪಟ್ಟಿಮಾಡಿದರು. ಅಪರಾಧಿ ಕಥೆಯ ಆರಂಭದ ಭಾಗದಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು, ಅತಿಮಾನುಷ ಶಕ್ತಿಯಿಂದ ಗಂಟು ಬಿಡಿಸಬಾರದು ಎಂಬುವು ಅವುಗಳಲ್ಲಿ ಕೆಲವು. ಈ ನಿಯಮಗಳನ್ನು ಚೆನ್ನೆಮಣೆಯ ಆಟಕ್ಕೆ ಹೋಲಿಸಬಹುದು. ಕಾಯಿಗಳೆಲ್ಲ ಇಬ್ಬರ ಕಣ್ಣೆದುರಿಗೇ ಇರುತ್ತವೆ, ಎಣಿಸಬಲ್ಲವನು ಗೆಲ್ಲುತ್ತಾನೆ. ಎದುರಾಳಿ ಮಡಿಲಿನಿಂದ ಕಾಯಿ ತೆಗೆದು ಮನೆಗೆ ಹಾಕಿದರೆ ಸೋತವನಿಗೆ ಸಿಟ್ಟು ಬರುವುದು ನ್ಯಾಯ.

ನಾವು ಓದಿದ ಕಾದಂಬರಿಯಲ್ಲಿ ಕೊಲೆಯ ಕಾರಣ ಕೊನೆಯ ಹತ್ತು ಪುಟಗಳಲ್ಲಿ ಸಿಗುವ ಒಂದು ಹಳೆಯ ಪತ್ರದಲ್ಲಿದೆ, ಆ ಪತ್ರದ ಸೂಚನೆ ಅದಕ್ಕಿಂತ ಮೊದಲು ಎಲ್ಲಿಯೂ ಇಲ್ಲ. ಆಟವೆಂದು ಓದಿದವರಿಗೆ ಇದು ಮಡಿಲಿನ ಕಾಯಿ. ಆದರೆ ಎಲ್ಲರೂ ಆಟವಾಡಲು ಓದುವುದಿಲ್ಲ. ಬಸ್ಸಿನ ಕಿಟಕಿಯ ಪಕ್ಕ ಕುಳಿತವರಂತೆ ಲೇಖಕ ಕರೆದುಕೊಂಡು ಹೋದಲ್ಲಿಗೆ ಹೋಗಲು ಓದುವವರೂ ಇದ್ದಾರೆ, ಅವರಿಗೆ ಆ ಪತ್ರ ಅನಿರೀಕ್ಷಿತವಾಗಿ ಎದುರಾದ ಜಲಪಾತ. ಒಂದೇ ಪುಟದಲ್ಲಿ "ನಿದ್ದೆ ಇಲ್ಲ" ಮತ್ತು "ಮೋಸ" ಎರಡೂ ಇರಲು ಇದೇ ಕಾರಣ. ನನ್ನ ಅಭಿಪ್ರಾಯ ಕೇಳಿದರೆ, ಈ ಪುಸ್ತಕದ ಮಟ್ಟಿಗೆ ದೂರಿನಲ್ಲಿ ಹುರುಳಿದೆ. ಏಕೆಂದರೆ ಲೇಖಕರೇ ಮೊದಲ ಅಧ್ಯಾಯದಿಂದ ಸುಳಿವುಗಳನ್ನು ಜೋಡಿಸುತ್ತಾ ಆಟಕ್ಕೆ ಕರೆದಿದ್ದಾರೆ. ಆಕ್ರಾಯ್ಡ್ ಕಾದಂಬರಿಯ ವಿಷಯ ಬೇರೆ. ಅಲ್ಲಿ ಸುಳಿವುಗಳು ಪುಟಗಳಲ್ಲೇ ಇವೆ, ಹಿಂದಿರುಗಿ ನೋಡಿದವರಿಗೆ ಕಾಣುತ್ತವೆ. 2013ರಲ್ಲಿ ಬ್ರಿಟನ್ನಿನ ಅಪರಾಧ ಕಥಾ ಲೇಖಕರ ಸಂಘದ ಸದಸ್ಯರು ಅದನ್ನೇ ಸಾರ್ವಕಾಲಿಕ ಶ್ರೇಷ್ಠ ಅಪರಾಧ ಕಾದಂಬರಿಯೆಂದು ಆರಿಸಿದರು.

ಆಷಾಢದ ಅಂಗಳದಲ್ಲಿ ಅಡಿಕೆ

ಅಂದವಾದ ಕೈಬರಹದ ಆ ಪ್ರಶ್ನೆಯನ್ನು ಓದಿದಾಗ ನನಗೆ ಬರೆದವರ ಮೇಲೆ ಗೌರವ ಮೂಡಿತು. ಕಾದಂಬರಿಯ ಆ ಅಧ್ಯಾಯ ನಡೆಯುವುದು ತೀರ್ಥಹಳ್ಳಿಯ ಕಡೆಯ ಒಂದು ಮನೆಯಲ್ಲಿ, ಆಷಾಢ ಮಾಸದಲ್ಲಿ. ಸಾಕ್ಷಿ ಹೇಳುವವನು "ಅಂಗಳದಲ್ಲಿ ಹರವಿದ್ದ ಅಡಿಕೆಯ ಮೇಲೆ ಹೆಜ್ಜೆ ಗುರುತು ನೋಡಿದೆ" ಎನ್ನುತ್ತಾನೆ. ಮಲೆನಾಡಿನಲ್ಲಿ ಅಡಿಕೆ ಗೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸುವ ಕೆಲಸ ಬರುವುದು ದೀಪಾವಳಿಯ ಆಸುಪಾಸಿನಿಂದ ಮುಂದಕ್ಕೆ. ಆಷಾಢದಲ್ಲಿ ಬೆಳೆಗಾರ ಕೊಳೆರೋಗಕ್ಕೆ ಹೆದರಿ, ಮಳೆ ಒಂದು ಗಳಿಗೆ ಹೊಳವಾದರೆ ಸಾಕು ಬೋರ್ಡೋ ದ್ರಾವಣ ಹೊಡೆಸಬೇಕೆಂದು ಆಕಾಶ ನೋಡುತ್ತಿರುತ್ತಾನೆ. ಅಂಗಳದಲ್ಲಿ ಆಗ ಇರುವುದು ಪಾಚಿ ಮತ್ತು ನೀರು. ಬೆಂಗಳೂರಿನಲ್ಲಿ ಓದಿದವರ ಕಣ್ಣಿಗೆ ಆ ಸಾಲು ತಡೆಯುವುದೇ ಇಲ್ಲ. ತೋಟದವರಿಗೆ ಮಾತ್ರ ಅಲ್ಲಿಗೆ ಕಥೆ ಕಡಿದುಹೋಗುತ್ತದೆ, ಏಕೆಂದರೆ ಆ ಹೆಜ್ಜೆ ಗುರುತಿನ ಮೇಲೆಯೇ ಮುಂದಿನ ಪತ್ತೆಯೆಲ್ಲ ನಿಂತಿದೆ.

ಈ ಕಡಿತಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಹೆಸರಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತ, ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ರಸಾಸ್ವಾದಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಮೊದಲನೆಯದೇ ಸಂಭಾವನಾವಿರಹ, ಎಂದರೆ ಹೇಳುತ್ತಿರುವುದು ನಡೆಯಬಹುದಾದದ್ದು ಎಂಬ ನಂಬಿಕೆ ಹುಟ್ಟದಿರುವುದು. ನಂಬಿಕೆಯಿಲ್ಲದ ಕಡೆ ಮನಸ್ಸು ನೆಲೆಯೂರುವುದಿಲ್ಲ, ಮನಸ್ಸು ನೆಲೆಯೂರದೆ ರಸವಿಲ್ಲ ಎಂಬುದು ಆತನ ತರ್ಕ. ಯಾವುದು ನಡೆಯಬಹುದು, ಯಾವುದು ನಡೆಯಲಾರದು ಎಂಬ ತೀರ್ಮಾನ ಓದುಗನ ಬದುಕಿನ ಅನುಭವದಿಂದ ಬರುವುದರಿಂದ, ಒಬ್ಬನಿಗೆ ವಿಘ್ನವಾದದ್ದು ಇನ್ನೊಬ್ಬನಿಗೆ ಆಗಬೇಕಾಗಿಲ್ಲ.

ಎರಡನೆಯ ವಿಘ್ನವೂ ನಮ್ಮ ಗುಂಪಿನಲ್ಲಿ ಕಾಣಿಸಿತು. ಅಲ್ಲಿರುವುದು ತನ್ನದೇ ಅನುಭವ ಅಥವಾ ಇಂಥವನದೇ ಅನುಭವ ಎಂದು ಓದುಗ ಅಂಟಿಕೊಂಡುಬಿಡುವುದು ಅದರ ಸ್ವರೂಪ. ಭಯವನ್ನು ನಾವು ಬದುಕಿನಲ್ಲಿ ಬಯಸುವುದಿಲ್ಲ, ಕಥೆಯಲ್ಲಿ ಬಯಸುತ್ತೇವೆ. ಇದು ಹೇಗೆ ಸಾಧ್ಯ ಎಂಬುದಕ್ಕೆ ಅಭಿನವಗುಪ್ತ ಕೊಡುವ ಉದಾಹರಣೆ ಕಾಳಿದಾಸನ ಶಾಕುಂತಲದ ಆರಂಭದಲ್ಲಿ ದುಷ್ಯಂತನ ರಥಕ್ಕೆ ಹೆದರಿ, ಮತ್ತೆ ಮತ್ತೆ ಕತ್ತು ಹೊರಳಿಸಿ ನೋಡುತ್ತಾ ಓಡುವ ಜಿಂಕೆ. ಆ ಪದ್ಯವನ್ನು ಸವಿಯುವಾಗ ಹೆದರಿದ್ದು ಈ ಜಿಂಕೆ ಎಂದಾಗಲಿ, ನಾನು ಎಂದಾಗಲಿ ಅನ್ನಿಸುವುದಿಲ್ಲ. ಕಾಲದೇಶಗಳ ಗಡಿಯಿಲ್ಲದ ಭಯವೊಂದು ಮನಸ್ಸಿನೆದುರು ನಿಲ್ಲುತ್ತದೆ, ಅದೇ ಭಯಾನಕ ರಸ. ನಮ್ಮ ಗುಂಪಿನ ಒಬ್ಬರ ಮನೆ ತೋಟದ ನಡುವಿನ ಒಂಟಿ ಮನೆ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಯಾರೂ ಇಲ್ಲ. ಕಾದಂಬರಿಯ ಮೊದಲ ಸಾವು ಅಂಥದೇ ಒಂಟಿ ಮನೆಯಲ್ಲಿ, ಕರೆಂಟು ಹೋದ ಮಳೆಯ ರಾತ್ರಿಯಲ್ಲಿ ಆಗುತ್ತದೆ. ಅವರು ಅಲ್ಲಿಗೇ ಪುಸ್ತಕ ಮಡಚಿಟ್ಟು, ಹಿಂಬಾಗಿಲಿನ ಅಗಳಿಯನ್ನು ಎರಡು ಸಲ ನೋಡಿ ಬಂದರಂತೆ. ಅವರ ಪಾಲಿಗೆ ಭಯ ರಸವಾಗಲಿಲ್ಲ, ಭಯವಾಗಿಯೇ ಉಳಿಯಿತು. "ನನಗೆ ಹಿಡಿಸಲಿಲ್ಲ" ಎಂದು ಅವರು ಹೇಳಿದ್ದನ್ನು ಪುಸ್ತಕದ ಸೋಲೆಂದು ಲೆಕ್ಕ ಹಿಡಿಯುವುದು ಸರಿಯಲ್ಲ.

ಕೊನೆ ಗೊತ್ತಾಗಿಬಿಟ್ಟರೆ?

ಕೊಲೆಗಾರ ಯಾರೆಂದು ಬರೆದಿಟ್ಟ ಪೆನ್ಸಿಲ್ ಗುರುತಿನ ವಿಷಯಕ್ಕೆ ಬರೋಣ. ಇದನ್ನು ಇಂದು ಸ್ಪಾಯ್ಲರ್ ಎನ್ನುತ್ತಾರೆ. ಕಥೆಯ ಗುಟ್ಟನ್ನು ಓದುವ ಮೊದಲೇ ಒಡೆದು ರುಚಿ ಕೆಡಿಸುವ ಮಾತು ಎಂಬುದು ಅದರ ಅರ್ಥ. ಆದರೆ ರುಚಿ ನಿಜಕ್ಕೂ ಕೆಡುತ್ತದೆಯೇ? 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಕೇಂದ್ರದ ಲೆವಿಟ್ ಮತ್ತು ಕ್ರಿಸ್ಟೆನ್‌ಫೆಲ್ಡ್ ಎಂಬ ಮನಶ್ಶಾಸ್ತ್ರಜ್ಞರು 12 ಸಣ್ಣಕಥೆಗಳನ್ನು ಓದುಗರಿಗೆ ಕೊಟ್ಟು ನೋಡಿದಾಗ, ಕೊನೆಯನ್ನು ಮೊದಲೇ ತಿಳಿದವರೇ ಒಟ್ಟಾರೆ ಹೆಚ್ಚು ಸಂತೋಷಪಟ್ಟಿದ್ದು ಕಂಡುಬಂತು. 2015ರಲ್ಲಿ ಜಾನ್ಸನ್ ಮತ್ತು ರೋಸೆನ್‌ಬಾಮ್ ನಡೆಸಿದ ಅಧ್ಯಯನದಲ್ಲಿ ಇದಕ್ಕೆ ವಿರುದ್ಧವಾಗಿ, ಕೊನೆ ತಿಳಿಯದ ಓದೇ ಹೆಚ್ಚು ಕಾತರ ಮತ್ತು ಸಂತೋಷ ಕೊಟ್ಟಿತು. ಸಂಶೋಧಕರ ನಡುವೆಯೇ ಒಮ್ಮತವಿಲ್ಲದ ವಿಷಯ ಇದು.

ಮಲೆನಾಡಿನವರಿಗೆ ಈ ಪ್ರಶ್ನೆ ಹೊಸದಲ್ಲ. ಕೀಚಕವಧೆಯ ಯಕ್ಷಗಾನ ಪ್ರಸಂಗಕ್ಕೆ ಹೋಗುವ ಪ್ರತಿಯೊಬ್ಬನಿಗೂ ಕೀಚಕ ಸಾಯುತ್ತಾನೆಂದು ಗೊತ್ತು, ಪ್ರಸಂಗದ ಹೆಸರಿನಲ್ಲೇ ಅದು ಇದೆ. ಆದರೂ ಬೆಳಗಿನ ಜಾವದ ಚಳಿಯಲ್ಲಿ ಕಂಬಳಿ ಹೊದ್ದು, ನಾಟ್ಯಶಾಲೆಯ ಕತ್ತಲೆಗೆ ಸೈರಂಧ್ರಿಯನ್ನು ಅರಸಿ ಬರುವ ಕೀಚಕನ ಹೆಜ್ಜೆಯನ್ನು ನೋಡುತ್ತಾ ಜನ ಉಸಿರು ಬಿಗಿಹಿಡಿದು ಕೂರುತ್ತಾರೆ. ಏನಾಗುತ್ತದೆ ಎಂಬ ಕುತೂಹಲ ಅಲ್ಲಿಲ್ಲ. ಅದು ಹೇಗೆ ಆಗುತ್ತದೆ, ಇಂದಿನ ಕೀಚಕ ಅದನ್ನು ಹೇಗೆ ತೋರಿಸುತ್ತಾನೆ ಎಂಬುದೇ ಸೆಳೆತ. ಕಥೆಯ ಬಲ "ಹೇಗೆ" ಎಂಬುದರಲ್ಲಿದ್ದರೆ ಗುಟ್ಟು ಒಡೆದರೂ ಹೆಚ್ಚು ನಷ್ಟವಿಲ್ಲ, "ಯಾರು" ಎಂಬ ಒಂದೇ ಪ್ರಶ್ನೆಯಲ್ಲಿದ್ದರೆ ನಷ್ಟ ದೊಡ್ಡದು.

ನನ್ನ ವಿಷಯದಲ್ಲಿ ನಡೆದದ್ದು ಬೇರೆಯೇ. ಕಾಂಪೌಂಡರನೇ ಕೊಲೆಗಾರನೆಂದು ನಂಬಿ ಬೇಸರದಿಂದಲೇ ಮುಂದಕ್ಕೆ ಓದಿದೆ. ಅವನು ರೋಗಿಗೆ ಔಷಧಿ ಕೊಡುವ ದೃಶ್ಯದಲ್ಲಿ ನನ್ನ ಎದೆ ಬಡಿದುಕೊಂಡಿತು, ಅವನು ಮಗುವನ್ನು ಎತ್ತಿಕೊಂಡಾಗ ಪುಟ ತಿರುಗಿಸಲು ಕೈ ಬರಲಿಲ್ಲ. ಕೊನೆಯಲ್ಲಿ ನೋಡಿದರೆ ಕೊಲೆಗಾರ ಅವನಲ್ಲ. ಆ ಪೆನ್ಸಿಲ್ ಷರಾ ಯಾರೋ ಓದುಗರ ತಪ್ಪು ಊಹೆಯಾಗಿತ್ತು. ಲೇಖಕರು ಎಲ್ಲಿಯೂ ಬರೆಯದ ಕಾತರವೊಂದನ್ನು ಸುಮಾರು 150 ಪುಟಗಳುದ್ದಕ್ಕೂ ನಾನು ಅನುಭವಿಸಿದೆ. ಸೌದೆ ರಾಶಿಯಲ್ಲಿ ಹಾವಿರಲಿಲ್ಲ, ಇದೆಯೆಂದು ಯಾರೋ ಹೇಳಿದ್ದರು. ಗುಂಪಿನಲ್ಲಿ ಈ ಪುಸ್ತಕವನ್ನು ನಾನು ಉಳಿದವರಿಗಿಂತ ತುಸು ಹೆಚ್ಚೇ ಹೊಗಳಿದ್ದರಲ್ಲಿ ಆ ಎರಡು ಪದಗಳ ಪಾಲೂ ಇದೆ ಎಂದು ಪ್ರಾಮಾಣಿಕವಾಗಿ ಹೇಳಬೇಕು.

ಓದಿದ ವೇಗ

ವಾರಪತ್ರಿಕೆಯ ಧಾರಾವಾಹಿಯಾಗಿ ಓದಿದವರಿಗೂ ಒಂದೇ ಸಲ ಕುಳಿತು ಓದಿದವರಿಗೂ ಒಂದೇ ಕಥೆ ಬೇರೆಯಾಗಿ ಕಾಣುತ್ತದೆ. ಧಾರಾವಾಹಿಯ ಪ್ರತಿ ಕಂತೂ ಒಂದು ಕೊಕ್ಕೆಯಲ್ಲಿ ನಿಲ್ಲಬೇಕು, ನಡುವಿನ ಏಳು ದಿನಗಳಲ್ಲಿ ಮನೆಮಂದಿಯೆಲ್ಲ ಸೇರಿ ಊಹೆ ಕಟ್ಟುತ್ತಾರೆ. ಅದೇ ಕಥೆ ಪುಸ್ತಕವಾದಾಗ ಆ ಕೊಕ್ಕೆಗಳೆಲ್ಲ ಹತ್ತು ಪುಟಕ್ಕೊಂದರಂತೆ ಎದುರಾಗಿ, ಸುಮ್ಮನೆ ಎಳೆದಂತೆ ಅನ್ನಿಸಬಹುದು.

ಷರಾದ ಹಿಂದಿನ ಪ್ರಶ್ನೆ

ಹಾಗಾದರೆ ಅಕ್ಕ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟು. ಯಾರಾದರೂ ಒಂದು ಥ್ರಿಲ್ಲರನ್ನು ಹೊಗಳಿದರೆ ಅಥವಾ ತೆಗಳಿದರೆ, ಅವರು ಅದರಲ್ಲಿ ಏನನ್ನು ಹುಡುಕಿದ್ದರು ಎಂದು ಮೊದಲು ಕೇಳಬೇಕು. ಒಗಟು ಬಿಡಿಸಲು ಕುಳಿತವರು ಸುಳಿವುಗಳ ಬಗ್ಗೆ ಹೇಳುವ ಮಾತನ್ನು ನಂಬಬಹುದು, ಊರನ್ನು ಬಲ್ಲವರು ಊರಿನ ವಿವರದ ಬಗ್ಗೆ ಹೇಳುವುದನ್ನು ನಂಬಬಹುದು. ನಿದ್ದೆ ಬರಲಿಲ್ಲ ಎಂದವರ ಮಾತಿನಿಂದ ಪುಸ್ತಕದ ವೇಗ ತಿಳಿಯುತ್ತದೆ, ಅದರ ತರ್ಕ ಗಟ್ಟಿಯೇ ಎಂಬುದು ತಿಳಿಯುವುದಿಲ್ಲ. ಎಲ್ಲ ಅಭಿಪ್ರಾಯಗಳೂ ಸಮಾನವೆಂದು ನಾನು ಹೇಳುತ್ತಿಲ್ಲ. ಆಷಾಢದಲ್ಲಿ ಅಂಗಳದಲ್ಲಿ ಅಡಿಕೆ ಹರವಿದ್ದು ಯಾರು ಓದಿದರೂ ತಪ್ಪೇ, ಆ ಪತ್ರದ ಸುಳಿವು ಎಷ್ಟು ಸಲ ಓದಿದರೂ ಹಿಂದಿನ ಪುಟಗಳಲ್ಲಿ ಸಿಗುವುದಿಲ್ಲ. ಪುಟದಲ್ಲಿ ತೋರಿಸಬಹುದಾದ ದೋಷ ಮತ್ತು ಓದುಗನೊಳಗೆ ನಡೆದ ಅನುಭವ, ಇವೆರಡನ್ನು ಬೇರೆ ಬೇರೆ ಇಟ್ಟು ನೋಡಿದರೆ ಒಂದಕ್ಕೊಂದು ವಿರುದ್ಧವಾಗಿ ಕಂಡ ಷರಾಗಳಲ್ಲಿ ಹೆಚ್ಚಿನವು ಒಟ್ಟಿಗೆ ನಿಜವಾಗಿರಲು ಸಾಧ್ಯ.

ಅಕ್ಕ ಪುಸ್ತಕವನ್ನು ತಾವೇ ಓದಿ ನೋಡುವುದಾಗಿ ಹೇಳಿದರು. ಗ್ರಂಥಾಲಯದಲ್ಲಿ ಅವರ ಹೆಸರಿಗೆ ಬರೆಸಿ ಕೊಡುವ ಮೊದಲು 112ನೇ ಪುಟ ತೆರೆದು, ಕಾಂಪೌಂಡರನ ಪಕ್ಕದ ಪೆನ್ಸಿಲ್ ಅಕ್ಷರಗಳನ್ನು ರಬ್ಬರಿನಿಂದ ಅಳಿಸಿದೆ. ನೀಲಿ ಶಾಯಿ ಅಳಿಯಲಿಲ್ಲ. ಖಾಲಿ ಅಂಚಿನ ಕೆಳಗೆ ಈಗ "ಓದುವವರಿಗೆ ಬಿಡಿ ಸ್ವಾಮಿ" ಎಂಬ ಸಾಲು ಮಾತ್ರ ಉಳಿದಿದೆ.